ಶೆಡ್ಡಿನ ಲೇತು, ಅಂಗಡಿಯಲ್ಲಿ ಸಿಗದ ಥ್ರೆಡ್ಡು: ಓದುಗರ ಪ್ರಶ್ನೆ, ನಮ್ಮ ಉತ್ತರ

ಮನೆಯಲ್ಲೇ ಸಣ್ಣ ಲೇತು ಇಟ್ಟುಕೊಂಡವರಿಂದ ಬಂದ ಪತ್ರಗಳಲ್ಲಿ ಥ್ರೆಡ್ಡಿಗೆ ಸಂಬಂಧಿಸಿದವನ್ನು ಈ ತಿಂಗಳು ಒಟ್ಟಿಗೆ ಎತ್ತಿಕೊಂಡಿದ್ದೇವೆ. ಬೇರೆ ಹೇಳದಿದ್ದರೆ ಅಳತೆಗಳೆಲ್ಲ ಮಿಲಿಮೀಟರಿನಲ್ಲಿ.

ಅಡಿಕೆಗೆ ಮದ್ದು ಬಿಡುವ ಗಟಾರ್ ಪಂಪಿನ ಹಿತ್ತಾಳೆ ಜೋಡಣೆಯ ಥ್ರೆಡ್ ಸವೆದು ಹೋಗಿದೆ. ಅಂಗಡಿಯಲ್ಲಿ ತೋರಿಸಿದರೆ "ಇದು ಅರ್ಧ ಇಂಚು" ಅಂತಾರೆ. ವರ್ನಿಯರ್ ಹಿಡಿದರೆ 20.9 ಬರ್ತದೆ. ಅರ್ಧ ಇಂಚು ಅಂದರೆ 12.7 ಅಲ್ಲವಾ? ಇದು ಯಾವ ಥ್ರೆಡ್? ಮನೆಯಲ್ಲೇ ಮಾಡಬಹುದಾ?
ಓದುಗರು, ಕಾರ್ಕಳ

ಅಂಗಡಿಯವರು ಹೇಳಿದ್ದು ಸರಿಯೇ. ನಿಮ್ಮ ವರ್ನಿಯರೂ ಸರಿ. ಪೈಪಿನ ಥ್ರೆಡ್ಡಿಗೆ ಹೆಸರು ಬರುವುದು ಹೊರಗಿನ ಅಳತೆಯಿಂದಲ್ಲ, ಹಿಂದಿನ ಕಾಲದ ಪೈಪಿನ ಒಳತೂತಿನ ಲೆಕ್ಕದಿಂದ. ಅರ್ಧ ಇಂಚು ಬಿಎಸ್‌ಪಿ (ಬ್ರಿಟಿಷ್ ಪೈಪ್) ಥ್ರೆಡ್ಡಿನ ಹೊರ ವ್ಯಾಸ 20.955, ಇಂಚಿಗೆ 14 ಹಲ್ಲು, ಅಂದರೆ ಪಿಚ್ (ಹಲ್ಲಿನಿಂದ ಹಲ್ಲಿಗೆ ಇರುವ ದೂರ) 1.814. ಅರ್ಧ ಇಂಚಿನ ವಿಟ್‌ವರ್ತ್ ಬೋಲ್ಟ್ ಬೇರೆಯೇ ವಸ್ತು: 12.7 ವ್ಯಾಸ, ಇಂಚಿಗೆ 12 ಹಲ್ಲು. ಎರಡರ ಕೋನವೂ 55 ಡಿಗ್ರಿ. ಹೆಸರು ಒಂದೇ ಆದದ್ದರಿಂದ ಈ ಗೊಂದಲ.

ಆದರೂ ವ್ಯಾಸ ಒಂದನ್ನೇ ನಂಬಬೇಡಿ. ಸವೆದ ಹಿತ್ತಾಳೆಯಲ್ಲಿ 0.2ರಿಂದ 0.3 ಸುಲಭವಾಗಿ ಕಡಿಮೆ ತೋರಿಸುತ್ತದೆ. ಪಿಚ್ ಸವೆಯುವುದಿಲ್ಲ. ಪಿಚ್ ಗೇಜಿನ 55 ಡಿಗ್ರಿಯ 14 ನಂಬರಿನ ಎಲೆಯನ್ನು ಹಲ್ಲಿಗೆ ಕೂರಿಸಿ ಬೆಳಕಿಗೆ ಹಿಡಿಯಿರಿ, ಸಂದಿನಲ್ಲಿ ಬೆಳಕು ಕಾಣಬಾರದು. ಗೇಜ್ ಇಲ್ಲದಿದ್ದರೆ ಏಳು ಹಲ್ಲಿನ ದೂರ (ಒಂದನೆಯದರ ತುದಿಯಿಂದ ಎಂಟನೆಯದರ ತುದಿಗೆ) ಅಳೆಯಿರಿ: 12.7 ಬಂದರೆ 14 ಟಿಪಿಐ (ಇಂಚಿಗೆ 14 ಹಲ್ಲು), 10.5 ಬಂದರೆ 1.5 ಪಿಚ್ಚಿನ ಮೆಟ್ರಿಕ್. ಹೊರದೇಶದಿಂದ ಬಂದ ಕೆಲವು ಸ್ಪ್ರೇಯರುಗಳಲ್ಲಿ ಅರ್ಧ ಇಂಚಿನ ಎನ್‌ಪಿಟಿ ಎಂಬ ಅಮೆರಿಕದ ಪೈಪ್ ಥ್ರೆಡ್ ಇರುತ್ತದೆ. ಅದಕ್ಕೂ 14 ಹಲ್ಲೇ, ಆದರೆ ಕೋನ 60 ಡಿಗ್ರಿ, ಮೇಲಾಗಿ ವ್ಯಾಸ ತುದಿಯ ಕಡೆಗೆ ಸಣ್ಣದಾಗುತ್ತ ಹೋಗುತ್ತದೆ. ಅದು ಬಿಎಸ್‌ಪಿಯೊಳಗೆ ಎರಡು ಮೂರು ಸುತ್ತು ಚೆನ್ನಾಗಿ ಹೋಗಿ ಗಟ್ಟಿಯಾಗುತ್ತದೆ, ಒತ್ತಡ ಬಂದಾಗ ಸೋರುತ್ತದೆ.

ಮಾಡುವ ಕ್ರಮ. ಸುಲಭವಾಗಿ ಪುಡಿಯಾಗಿ ಕಡೆಯುವ, ಸೀಸ ಬೆರೆತ ಹಿತ್ತಾಳೆ ರಾಡ್ ತನ್ನಿ. 25 ವ್ಯಾಸದ್ದು ಸಾಕು. ಥ್ರೆಡ್ ಬರುವ ಭಾಗವನ್ನು 20.85ಕ್ಕೆ ಇಳಿಸಿ, 20.955ಕ್ಕೆ ಬೇಡ. ತುದಿಯನ್ನು 18.5 ವ್ಯಾಸದವರೆಗೆ ಓರೆ ಮಾಡಿ. ಥ್ರೆಡ್ ಮುಗಿಯುವಲ್ಲಿ 4 ಅಗಲದ ತೋಡು, ಅದರ ತಳದ ವ್ಯಾಸ 18.4. ಒಳತೂತು 14ಕ್ಕಿಂತ ದೊಡ್ಡದು ಬೇಡ. ಹಲ್ಲಿನ ಬುಡ 18.63ಕ್ಕೆ ಇಳಿಯುವುದರಿಂದ ಗೋಡೆಗೆ ಉಳಿಯುವುದು 2.3 ಅಷ್ಟೇ. ಟೂಲನ್ನು 55 ಡಿಗ್ರಿಗೆ ಉಜ್ಜಿ ಮೂಗನ್ನು ಎಣ್ಣೆಕಲ್ಲಿನಲ್ಲಿ 0.25 ರೇಡಿಯಸ್ಸಿಗೆ ದುಂಡು ಮಾಡಿ. ಮೇಲ್ಮುಖ ಪೂರ್ತಿ ಚಪ್ಪಟೆ ಇರಲಿ. ಉಕ್ಕಿಗೆ ಉಜ್ಜಿದ ಹಾಗೆ ಇಳಿಜಾರು ಕೊಟ್ಟರೆ ಹಿತ್ತಾಳೆ ಟೂಲನ್ನು ತನ್ನೊಳಕ್ಕೆ ಎಳೆದುಕೊಳ್ಳುತ್ತದೆ, ರಾಡ್ ಚಕ್ಕಿನಿಂದ ಎದ್ದು ಬಂದರೂ ಬಂತು. ಒಟ್ಟು ಆಳ 1.16, ಎಣ್ಣೆ ಬೇಡ. ನಟ್ಟಿನ ಕಡೆಯೂ ನೀವೇ ಮಾಡುವುದಾದರೆ ತೂತು 18.9ಕ್ಕೆ ಬೋರ್ ಮಾಡಿ, ಅಥವಾ 19 ಡ್ರಿಲ್ ಹಾಕಿ ಬಿಎಸ್‌ಪಿ ಟ್ಯಾಪ್ (ತೂತಿನೊಳಗೆ ಹಲ್ಲು ಕಡಿಯುವ ಟೂಲ್) ಇಳಿಸಿ.

ಎರಡು ಮಾತು ಹೆಚ್ಚಿಗೆ. ಈ ಸಮಾನ ವ್ಯಾಸದ ಥ್ರೆಡ್ಡಿನಲ್ಲಿ ಸೋರಿಕೆ ತಡೆಯುವುದು ಹಲ್ಲಲ್ಲ, ವಾಶರು. ಆದ್ದರಿಂದ ಥ್ರೆಡ್ ಬಿಗಿಯಾಗಲಿ ಎಂದು ಒದ್ದಾಡುವ ಬದಲು ವಾಶರು ಕೂರುವ ಮುಖವನ್ನು, ಥ್ರೆಡ್ ಹಾಕಿದ ಅದೇ ಹಿಡಿತದಲ್ಲಿ, ಚಕ್ಕಿನಿಂದ ಬಿಚ್ಚುವ ಮುಂಚೆಯೇ ಫೇಸ್ ಮಾಡಿ. ಇನ್ನೊಂದು, ಹಿತ್ತಾಳೆ ಸಿಗಲಿಲ್ಲವೆಂದು ಎಂ.ಎಸ್. (ಮೆದು ಉಕ್ಕಿನ) ರಾಡಿನಲ್ಲಿ ಮಾಡಲು ಹೋಗಬೇಡಿ. ಅಡಿಕೆಯ ಮದ್ದಿಗೆ ಸುಣ್ಣ ಕಡಿಮೆ ಬಿದ್ದ ದಿನ ಅದರ ಮೈಲುತುತ್ತಿನ ತಾಮ್ರ ಕಬ್ಬಿಣದ ಮೇಲೆ ಕೂತು ಕಬ್ಬಿಣ ಕರಗುತ್ತದೆ. ಆ ಹಲ್ಲು ಮಳೆಗಾಲ ದಾಟುವುದಿಲ್ಲ.

ಹಳೆಯ ನಾಲ್ಕೂವರೆ ಅಡಿ ಲೇತು ತಗೊಂಡಿದ್ದೇನೆ. ಲೀಡ್ ಸ್ಕ್ರೂ ಇಂಚಿಗೆ 4 ಹಲ್ಲಿನದ್ದು. 12 ಟಿಪಿಐ ಥ್ರೆಡ್ ಚಂದ ಬರ್ತದೆ. ಆದರೆ 1.5 ಪಿಚ್ ಹಾಕಲು ಹೋದರೆ ಎರಡನೇ ಪಾಸಿನಲ್ಲಿ ಟೂಲ್ ಬೇರೆ ಕಡೆ ಹೋಗಿ ಹಲ್ಲು ಒಡೆದು ಹೋಗ್ತದೆ. ಗೇರು ಸರಿಯಾಗೇ ಹಾಕಿದ್ದೇನೆ ಮಾರಾಯ್ರೆ, ಎಲ್ಲಿ ತಪ್ಪು?
ಓದುಗರು, ಕುಲಶೇಖರ, ಮಂಗಳೂರು

ಗೇರಿನಲ್ಲಿ ತಪ್ಪಿಲ್ಲ. ನೀವು ಪಾಸ್ (ಟೂಲಿನ ಒಂದು ಓಟ) ಮುಗಿಸಿ, ಟೂಲ್ ಹೊತ್ತ ಕ್ಯಾರೇಜನ್ನು ಲೀಡ್ ಸ್ಕ್ರೂಗೆ (ಅದನ್ನು ಸರಿಸುವ ಉದ್ದ ಸ್ಕ್ರೂಗೆ) ಹಿಡಿಸುವ ಹಾಫ್ ನಟ್ ಬಿಚ್ಚಿ, ಕ್ಯಾರೇಜನ್ನು ಕೈಯಲ್ಲಿ ಹಿಂದಕ್ಕೆ ತಂದು, ಮತ್ತೆ ಮುಚ್ಚುತ್ತಿದ್ದೀರಿ. ಇಂಚಿನ ಥ್ರೆಡ್ಡಿಗೆ ಅದು ಆಗುತ್ತದೆ, ಮೆಟ್ರಿಕ್‌ಗೆ ಆಗುವುದಿಲ್ಲ.

ಕಾರಣ ಲೆಕ್ಕದಲ್ಲೇ ಇದೆ. ನಿಮ್ಮ ಹಾಫ್ ನಟ್ ಮುಚ್ಚಿಕೊಳ್ಳಲು ಜಾಗ ಸಿಗುವುದು ಪ್ರತಿ 6.35ಕ್ಕೆ ಒಮ್ಮೆ. 12 ಟಿಪಿಐಗೆ ಆ 6.35ರಲ್ಲಿ ಸರಿಯಾಗಿ ಮೂರು ಹಲ್ಲು ಬರುತ್ತದೆ. ಎಲ್ಲಿ ಮುಚ್ಚಿದರೂ ಟೂಲ್ ಹಳೆಯ ಗೆರೆಗೇ ಬೀಳುತ್ತದೆ. 1.5 ಪಿಚ್ಚಿಗೆ ಬರುವುದು ನಾಲ್ಕೂ ಕಾಲಿನ ಹತ್ತಿರ ಒಂದು ಮುರುಕು. ಎರಡೂ ಕೂಡಿ ಬರುವುದು 190.5 ದೂರಕ್ಕೊಮ್ಮೆ ಮಾತ್ರ. ಹಾಫ್ ನಟ್ ಯಾವಾಗ ಮುಚ್ಚಬೇಕೆಂದು ತೋರಿಸುವ ಲೇತಿನ ಥ್ರೆಡ್ ಡಯಲ್ಲೂ ಇಲ್ಲಿ ಉಪಯೋಗಕ್ಕಿಲ್ಲ. 16 ಹಲ್ಲಿನ ಗೇರು, 8 ಗೆರೆಯ ಡಯಲ್ ಇದ್ದರೆ ಅದು ಇಂಚಿಗೆ ಸಮಸಂಖ್ಯೆಯ ಹಲ್ಲಿಗೆ ಯಾವ ಗೆರೆಯಲ್ಲಾದರೂ, ಬೆಸಸಂಖ್ಯೆಗೆ ನಂಬರು ಹಾಕಿದ ನಾಲ್ಕು ಗೆರೆಗಳಲ್ಲಿ ಮಾತ್ರ. ಮೆಟ್ರಿಕ್‌ಗೆ ಅದರ ಕಡೆ ನೋಡಲೇಬೇಡಿ.

ಮಾಡಬೇಕಾದ್ದು ಇಷ್ಟು: ಮೊದಲ ಪಾಸಿಗೆ ಮುಚ್ಚಿದ ಹಾಫ್ ನಟ್ಟನ್ನು ಥ್ರೆಡ್ ಮುಗಿಯುವ ತನಕ ಬಿಚ್ಚಬೇಡಿ. ಪಾಸಿನ ಕೊನೆಯಲ್ಲಿ ಮೋಟರ್ ನಿಲ್ಲಿಸಿ, ಕ್ರಾಸ್ ಸ್ಲೈಡಿನಲ್ಲಿ ಟೂಲನ್ನು ಪೂರ್ತಿ ಹೊರಗೆ ತೆಗೆದು, ಮೋಟರನ್ನು ಉಲ್ಟಾ ಓಡಿಸಿ ಕ್ಯಾರೇಜನ್ನು ಹಿಂದಕ್ಕೆ ತನ್ನಿ. ಶುರುವಿನ ಜಾಗಕ್ಕಿಂತ ಕನಿಷ್ಠ 5 ಹಿಂದಕ್ಕೆ ಹೋಗಿ ನಿಲ್ಲಿಸಿ. ಲೀಡ್ ಸ್ಕ್ರೂ ಮತ್ತು ಗೇರುಗಳ ಸಡಿಲವೆಲ್ಲ ಮುಂದಿನ ಪಾಸಿನಲ್ಲಿ ಟೂಲ್ ಲೋಹ ಮುಟ್ಟುವ ಮೊದಲೇ ಮುಗಿದಿರಬೇಕು. ಟೂಲ್ ಹೊರತೆಗೆಯದೆ ಉಲ್ಟಾ ಓಡಿಸಿದರೆ ಇದೇ ಸಡಿಲದಿಂದಾಗಿ ಅದು ಹಲ್ಲಿನ ಇನ್ನೊಂದು ಗೋಡೆಯನ್ನು ಕೆರೆಯುತ್ತದೆ.

ಇಲ್ಲಿ ಎರಡು ಅಪಾಯ. ಹಳೆಯ ಲೇತುಗಳಲ್ಲಿ ಚಕ್ ಸ್ಪಿಂಡಲ್ಲಿಗೆ ಥ್ರೆಡ್ಡಿನಲ್ಲೇ ಕೂತಿರುತ್ತದೆ. ಜೋರಾಗಿ ಉಲ್ಟಾ ತಿರುಗಿಸಿದರೆ ಚಕ್ ತಾನೇ ಬಿಚ್ಚಿಕೊಂಡು ಬೆಡ್ಡಿನ ಮೇಲೆ ಬೀಳುತ್ತದೆ. ಕಡಿಮೆ ವೇಗದ ಬ್ಯಾಕ್ ಗೇರಿನಲ್ಲಿ ಮಾತ್ರ ಮಾಡಿ. ಎರಡನೆಯದು ಮನೆಯ ಸಿಂಗಲ್ ಫೇಸ್ ಮೋಟರಿನದ್ದು. ಅದು ಪೂರ್ತಿ ನಿಲ್ಲುವ ಮೊದಲು ರಿವರ್ಸ್ ಸ್ವಿಚ್ ಒತ್ತಿದರೆ ಉಲ್ಟಾ ತಿರುಗುವುದಿಲ್ಲ, ಅದೇ ದಿಕ್ಕಿನಲ್ಲಿ ಮುಂದುವರಿಯುತ್ತದೆ. ಓಡುತ್ತಿರುವಾಗ ಸ್ಟಾರ್ಟಿಂಗ್ ವೈಂಡಿಂಗಿನ ಸೆಂಟ್ರಿಫ್ಯೂಗಲ್ ಸ್ವಿಚ್ ತೆರೆದಿರುತ್ತದೆ. ದಿಕ್ಕು ತೀರ್ಮಾನಿಸುವುದೇ ಆ ವೈಂಡಿಂಗ್. ಟೂಲ್ ಶೋಲ್ಡರಿನ ಹತ್ತಿರ ಇದ್ದಾಗ ಹೀಗಾದರೆ ಕೆಲಸವೂ ಹೋಯಿತು, ಟೂಲೂ ಹೋಯಿತು. 20, 25 ಉದ್ದದ ಥ್ರೆಡ್ಡಿಗೆ ನಮ್ಮ ಸಲಹೆ, ಮೋಟರಿನ ಗೊಡವೆಯೇ ಬೇಡ. ಸ್ಪಿಂಡಲ್ಲಿನ ಹಿಂಬದಿಯ ತೂತಿಗೆ ಸೇರುವ, ಸೀಳು ಹಾಕಿ ಆಪು ಬಿಗಿದ ಒಂದು ಹ್ಯಾಂಡಲ್ ಮಾಡಿಕೊಳ್ಳಿ. ಕೈಯಲ್ಲೇ ತಿರುಗಿಸಿದರೆ ಬೇಕಾದ ಕಡೆ ಬೇಕಾದ ಹಾಗೆ ನಿಲ್ಲುತ್ತದೆ. ಮೋಟರ್ ಹಾಕುವ ಮುಂಚೆ ಹ್ಯಾಂಡಲ್ ತೆಗೆಯಲು ಮಾತ್ರ ಮರೆಯಬಾರದು. ಪ್ಲಗ್ ಕಿತ್ತಿಟ್ಟೇ ಹ್ಯಾಂಡಲ್ ಹಾಕುವ ಅಭ್ಯಾಸ ಒಳ್ಳೆಯದು.

ಗೇರಿನ ವಿಷಯಕ್ಕೆ ಬಂದರೆ, 127 ಹಲ್ಲಿನ ಗೇರಿದ್ದರೆ ಸ್ಪಿಂಡಲ್ ಕಡೆ 30, ಲೀಡ್ ಸ್ಕ್ರೂಗೆ 127, ನಡುವೆ ಯಾವುದಾದರೂ ಐಡ್ಲರ್. ಸರಿಯಾಗಿ 1.5 ಬರುತ್ತದೆ. ಹಳೆಯ ಲೇತಿನ ಜೊತೆ ಆ ದೊಡ್ಡ ಗೇರು ಬಂದಿರದಿದ್ದರೆ 63ರ ಗೇರು ಹುಡುಕಿ. ಓಡಿಸುವ 63, ಓಡುವ 80. ಅದೇ ಸ್ಟಡ್ಡಿನಲ್ಲಿ ಓಡಿಸುವ 30, ಲೀಡ್ ಸ್ಕ್ರೂಗೆ 100. ತಪ್ಪು 100 ಉದ್ದಕ್ಕೆ 0.0125 ಮಾತ್ರ. ನಟ್ಟು ಬೋಲ್ಟಿಗೆ ಅದು ಲೆಕ್ಕಕ್ಕೇ ಇಲ್ಲ. ಯಾವ ಗೇರು ಹಾಕಿದರೂ ಮೊದಲ ಪಾಸ್ ಬರೀ ಗೀರು ಬೀಳುವಷ್ಟು ಕೊಟ್ಟು ಒಂದನೆಯ ಗೆರೆಯಿಂದ ಹನ್ನೊಂದನೆಯದಕ್ಕೆ ಅಳೆಯಿರಿ, 15 ಇರಬೇಕು.

ಗ್ಯಾಸಿನ ಸಿಲಿಂಡರಿನ ವಾಲ್ವಿಗೆ ಸೇರುವ ಕನೆಕ್ಟರ್ ಲೇತಿನಲ್ಲಿ ಮಾಡಿಕೊಳ್ಳಬಹುದೇ? ಥ್ರೆಡ್ ಎಡಕ್ಕೆ ತಿರುಗುವುದು ಯಾಕೆ?
ಓದುಗರು, ಬ್ರಹ್ಮಾವರ

ಬೇಡ. ಅಡುಗೆ ಗ್ಯಾಸ್, ವೆಲ್ಡಿಂಗ್ ಗ್ಯಾಸ್, ಕಂಪ್ರೆಸರ್ ಟ್ಯಾಂಕ್, ಚೈನ್ ಬ್ಲಾಕಿನ ಕೊಕ್ಕೆ: ಇವುಗಳ ಥ್ರೆಡ್ ಮನೆಯ ಲೇತಿನ ಕೆಲಸವಲ್ಲ. ಉರಿಯುವ ಗ್ಯಾಸಿನ ಸಿಲಿಂಡರುಗಳಿಗೆ ಎಡ ಥ್ರೆಡ್, ಆಕ್ಸಿಜನ್ನಿಗೆ ಬಲ ಥ್ರೆಡ್ ಇಟ್ಟಿರುವುದು ಒಂದರದ್ದು ಇನ್ನೊಂದಕ್ಕೆ ಕೂರದಿರಲೆಂದೇ. ಅಡಾಪ್ಟರ್ ಮಾಡಿದರೆ ಆ ಕಾವಲನ್ನು ನಾವೇ ತೆಗೆದ ಹಾಗೆ. ಆಕ್ಸಿಜನ್ ಜೋಡಣೆಯಲ್ಲಂತೂ ಲೇತಿನ ಎಣ್ಣೆಯ ಪಸೆ ಉಳಿದರೂ ಬೆಂಕಿ ಹತ್ತುತ್ತದೆ.

ದೋಣಿಯ ಡೆಕ್ಕಿನ ವಿಂಚ್ ಕವರಿಗೆ ಎಸ್‌ಎಸ್ 316ರಲ್ಲಿ ಎಂ16 ಸ್ಟಡ್ಡು, ನಟ್ಟು ಎರಡೂ ನಾವೇ ಮಾಡಿದೆವು. ಕೈಯಲ್ಲಿ ಹೋಗುತ್ತದೆ, ಸ್ಪ್ಯಾನರ್ ಹಾಕಿ ಬಿಗಿಯುವಾಗ ಅರ್ಧದಲ್ಲಿ ಕಚ್ಚಿಕೊಂಡು ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮೂರು ಸ್ಟಡ್ಡು ಕತ್ತರಿಸಿಯೇ ತೆಗೆಯಬೇಕಾಯಿತು. ಅಂಗಡಿಯ ಬೋಲ್ಟಿಗೆ ಹೀಗೆ ಆಗುವುದಿಲ್ಲವಲ್ಲ?
ಓದುಗರು, ಮಲ್ಪೆ

ಅಂಗಡಿಯದ್ದಕ್ಕೂ ಆಗುತ್ತದೆ, ಆದರೆ ಕಡಿಮೆ. ಸ್ಟೇನ್‌ಲೆಸ್ಸಿಗೆ ತುಕ್ಕು ಹಿಡಿಯದಂತೆ ಕಾಯುವುದು ಮೇಲಿರುವ ತೆಳು ಕ್ರೋಮಿಯಂ ಆಕ್ಸೈಡ್ ಪೊರೆ. ಬಿಗಿಯುವಾಗ ಹಲ್ಲಿಗೆ ಹಲ್ಲು ಉಜ್ಜಿ ಆ ಪೊರೆ ಹರಿದರೆ ಒಳಗಿನ ಬರಿ ಲೋಹಗಳು ಬಿಸಿಯಿಲ್ಲದೆಯೇ ಬೆಸೆದುಕೊಳ್ಳುತ್ತವೆ. ಹಲ್ಲಿನ ಗೋಡೆ ಒರಟಾದಷ್ಟೂ, ಸಂದು ಕಡಿಮೆಯಾದಷ್ಟೂ, ಸ್ಪ್ಯಾನರಿನ ವೇಗ ಹೆಚ್ಚಿದಷ್ಟೂ ಬೇಗ. ಅಂಗಡಿಯ ಬೋಲ್ಟಿನ ಹಲ್ಲನ್ನು ಕಡಿದಿರುವುದಿಲ್ಲ, ರೋಲ್ ಮಾಡಿ ಒತ್ತಿರುತ್ತಾರೆ. ಅದರ ಗೋಡೆ ನುಣುಪು.

ನಿಮ್ಮದರಲ್ಲಿ ಮೊದಲು ನೋಡಬೇಕಾದ್ದು ಸಂದು. ಸ್ಟಡ್ಡನ್ನು ಸರಿಯಾಗಿ 16.00ಕ್ಕೆ ಕಡೆದಿದ್ದರೆ ಅದೇ ತಪ್ಪು. ಸಾಮಾನ್ಯ ಎಂ16 ಬೋಲ್ಟಿನ ಹೊರ ವ್ಯಾಸ 15.68ರಿಂದ 15.96ರ ಒಳಗಿರಬೇಕು. 15.85 ಇಟ್ಟುಕೊಳ್ಳಿ. 2 ಪಿಚ್ಚಿಗೆ ಆಳ 1.23. ಕ್ರಾಸ್ ಸ್ಲೈಡಿನಲ್ಲಿ ನೇರ ಒಳಕ್ಕೆ ಕೊಡುವುದಾದರೆ ಹೀಗೆ ಹಂಚಿ: 0.30, 0.25, 0.20, 0.15, 0.10, 0.08, 0.08, 0.07. ಕೊನೆಯಲ್ಲಿ 0.02 ಕೊಟ್ಟು ನಾಲ್ಕು ಸಲ ಸವರುವ ಚಟ ಎಂ.ಎಸ್.ಗೆ ನಡೆಯುತ್ತದೆ, ಇಲ್ಲಿ ಕೂಡದು. ಟೂಲ್ ಕಡಿಯದೆ ಬರೀ ಉಜ್ಜಿದರೆ ಸ್ಟೇನ್‌ಲೆಸ್ಸಿನ ಮೈ ಗಟ್ಟಿಯಾಗುತ್ತದೆ, ಮುಂದಿನ ಪಾಸಿನಲ್ಲಿ ಹರಿದು ಬರುತ್ತದೆ. ನೀವು ಕಾಣುವ ಒರಟು ಬಹುಶಃ ಅದೇ. ಕಾಂಪೌಂಡ್ ಸ್ಲೈಡನ್ನು 29.5 ಡಿಗ್ರಿಗೆ ತಿರುಗಿಸಿ ಒಂದೇ ಗೋಡೆ ಕಡಿಯುವಂತೆ ಕೊಟ್ಟರೆ ಸಣ್ಣ ಲೇತಿನಲ್ಲಿ ನಡುಕ ಕಡಿಮೆ. ಆಗ ಕಾಂಪೌಂಡಿನ ಡಯಲ್ಲಿನಲ್ಲಿ ಒಟ್ಟು 1.41 ಆಗಬೇಕು. ವೇಗ ನಿಮಿಷಕ್ಕೆ 100ರಿಂದ 120 ಸುತ್ತು ಸಾಕು. ಗಂಧಕ ಬೆರೆತ ಕಟಿಂಗ್ ಆಯಿಲ್ಲನ್ನು ಬ್ರಷ್ಷಿನಲ್ಲಿ ಪ್ರತಿ ಪಾಸಿಗೂ ಹಚ್ಚಿ. ಕೊನೆಗೆ ಹಲ್ಲಿನ ತುದಿಯ ಚೂಪನ್ನು ಫೈಲಿನಲ್ಲಿ ಒಮ್ಮೆ ಮುರಿದು, ಹಿತ್ತಾಳೆ ತಂತಿಯ ಬ್ರಷ್ಷಿನಲ್ಲಿ ಉಜ್ಜಿ. ಕಬ್ಬಿಣದ ಬ್ರಷ್ ಬಳಸಿದರೆ ಅದರ ಕಣ ಸ್ಟಡ್ಡಿನಲ್ಲಿ ಉಳಿದು ವಾರದಲ್ಲಿ ಕೆಂಪಾಗುತ್ತದೆ.

"ನಟ್ಟು ಹೋಯಿತು, ಸಾಕು" ಎನ್ನುವುದು ಪರೀಕ್ಷೆಯಲ್ಲ, ಯಾಕೆಂದರೆ ನಟ್ಟೂ ನೀವೇ ಮಾಡಿದ್ದು. 1.2ರ ಮೂರು ಡ್ರಿಲ್ ಬಿಟ್ಟುಗಳ ಬುಡದ ಭಾಗವನ್ನು ತಂತಿಯ ಹಾಗೆ ಬಳಸಬಹುದು. ಒಂದು ಕಡೆಯ ಕಣಿವೆಯಲ್ಲಿ ಒಂದು, ಎದುರು ಕಡೆ ಎರಡು ಇಟ್ಟು ಮೈಕ್ರೋಮೀಟರಿನಲ್ಲಿ ಹೊರಗಿನಿಂದ ಅಳೆಯಿರಿ. ಎಂ16ಕ್ಕೆ 16.37ರಿಂದ 16.53ರೊಳಗೆ ಬರಬೇಕು, ನಿಮ್ಮ ಕೆಲಸಕ್ಕೆ 16.42ರ ಸುತ್ತ ಇರಲಿ. ಮೊದಲು ಬಿಟ್ಟುಗಳ ಬುಡವನ್ನೇ ಅಳೆದುಕೊಳ್ಳಿ, ಅವು 1.2ಕ್ಕೆ 0.01 ಕಡಿಮೆ ಇದ್ದರೆ ಉತ್ತರ 0.03 ಕಡಿಮೆ ಬರುತ್ತದೆ.

ಇಷ್ಟೆಲ್ಲ ಮಾಡಿದರೂ 316ಕ್ಕೆ 316 ಸೇರಿಸುವಾಗ ಆಂಟಿ ಸೀಸ್ (ಹಲ್ಲು ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಹಚ್ಚಲೇಬೇಕು, ನಿಧಾನ ಬಿಗಿಯಬೇಕು. ಗ್ರಾಫೈಟ್ ಇರುವ ಗ್ರೀಸ್ ಬೇಡ, ಉಪ್ಪುನೀರಿನಲ್ಲಿ ಅದು ಸ್ಟೇನ್‌ಲೆಸ್ಸನ್ನೇ ತಿನ್ನಿಸುತ್ತದೆ. ಡೆಕ್ಕಿನ ಮೇಲಿನ ಕೆಲಸವಾದ್ದರಿಂದ ಇನ್ನೂ ಸುಲಭದ ದಾರಿ ಇದೆ: ಸ್ಟಡ್ಡು 316 ಇರಲಿ, ನಟ್ಟನ್ನು ಗನ್ ಮೆಟಲ್ಲಿನಲ್ಲಿ (ತಾಮ್ರ, ತವರ ಬೆರೆತ ಲೋಹ) ಮಾಡಿ. ಬೇರೆ ಲೋಹವಾದ್ದರಿಂದ ಕಚ್ಚುವುದಿಲ್ಲ. ರಾಡ್ ಕೊಳ್ಳುವಾಗ "ಚೆನ್ನಾಗಿ ಕಡೆಯುತ್ತದೆ" ಎಂದು 303 ಕೊಟ್ಟರೆ ತರಬೇಡಿ. ಅದು ಚೆನ್ನಾಗಿ ಕಡೆಯುವುದೇ ಅದರಲ್ಲಿ ಗಂಧಕ ಇರುವುದರಿಂದ, ಕಡಲ ಗಾಳಿಗೆ ತಡೆಯುವುದಿಲ್ಲ.

ಟ್ಯಾಪ್ ಹಾಕುವಾಗ ಕಟಿಂಗ್ ಆಯಿಲ್ ಬದಲು ತೆಂಗಿನೆಣ್ಣೆ ಆಗುತ್ತದಾ?
ಓದುಗರು, ಉಡುಪಿ

ಎಂ.ಎಸ್.ಗೆ ಆಗುತ್ತದೆ, ಜಾರಿಕೆ ಚೆನ್ನಾಗಿಯೇ ಇದೆ. ಕೆಲಸ ಮುಗಿದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆಯದಿದ್ದರೆ ಟ್ಯಾಪಿನ ಮೇಲೆ ಅಂಟಾಗಿ ಒಣಗುತ್ತದೆ. ಹಿತ್ತಾಳೆ, ತಾಮ್ರಕ್ಕೆ ಬೇಡ, ಹಸಿರು ಕಿಲುಬು ಏಳುತ್ತದೆ. ಅಲ್ಯುಮಿನಿಯಂಗೆ ಸೀಮೆಎಣ್ಣೆಯೇ ಮೇಲು. ಬೀಡು ಕಬ್ಬಿಣಕ್ಕೆ ಏನೂ ಬೇಡ.

ಪವರ್ ಟಿಲ್ಲರಿನ ಅಲ್ಯುಮಿನಿಯಂ ಕವರಿನಲ್ಲಿ ಎಂ6 ಟ್ಯಾಪ್ ಮುರಿದು ಒಳಗೇ ಉಳಿದಿದೆ. ತೂತು 4.8 ಬಿಟ್ಟಿನಲ್ಲಿ ಹಾಕಿದ್ದು. ಡ್ರಿಲ್ ಮಾಡಿ ತೆಗೆಯಲು ನೋಡಿದರೆ ಬಿಟ್ಟು ಪಕ್ಕಕ್ಕೆ ಜಾರುತ್ತದೆ.
ಓದುಗರು, ಮೂಡುಬಿದಿರೆ

ಡ್ರಿಲ್ ಮಾಡುವುದನ್ನು ಈಗಲೇ ನಿಲ್ಲಿಸಿ. ಟ್ಯಾಪ್ ಗಟ್ಟಿ, ಸುತ್ತಲಿನ ಅಲ್ಯುಮಿನಿಯಂ ಮೆದು. ಬಿಟ್ಟು ಮೆದುವಿನ ಕಡೆಗೇ ಹೋಗುತ್ತದೆ.

ನಿಮ್ಮ ಅದೃಷ್ಟಕ್ಕೆ ಕವರ್ ಅಲ್ಯುಮಿನಿಯಂ. ಬಾವಿನೀರು ತಿಳಿಯಾಗಲು ಹಾಕುವ ಪಟಿಕ ಉಕ್ಕನ್ನು ಕರಗಿಸುತ್ತದೆ, ಅಲ್ಯುಮಿನಿಯಂ, ಹಿತ್ತಾಳೆಗಳನ್ನು ಹೆಚ್ಚು ಮುಟ್ಟುವುದಿಲ್ಲ. ಕವರಿನಲ್ಲಿರುವ ಬೇರಿಂಗ್, ಪಿನ್, ಸೀಲ್ ಎಲ್ಲ ಕಳಚಿ. ಗಾಜಿನ ಅಥವಾ ಹಳೆಯ ಸ್ಟೇನ್‌ಲೆಸ್ ಪಾತ್ರೆಯಲ್ಲಿ ಬಿಸಿನೀರಿಗೆ ಕರಗುವಷ್ಟೂ ಪಟಿಕದ ಪುಡಿ ಹಾಕಿ, ಕವರನ್ನು ತೂತು ಮೇಲ್ಮುಖವಾಗಿ ಮುಳುಗಿಸಿ, ಕುದಿಯುವುದಕ್ಕೆ ಸ್ವಲ್ಪ ಕೆಳಗಿನ ಬಿಸಿಯಲ್ಲಿ ಇಡಿ. ಟ್ಯಾಪಿನಿಂದ ಸಣ್ಣ ಗುಳ್ಳೆ ಏಳತೊಡಗಿದರೆ ಕೆಲಸ ಶುರುವಾಗಿದೆ ಎಂದರ್ಥ. ಆ ಗುಳ್ಳೆ ಹೈಡ್ರೋಜನ್, ಆದ್ದರಿಂದ ಗಾಳಿಯಾಡುವ ಕಡೆ ಮಾಡಿ. ಆಗಾಗ ತೂತಿನ ಕಪ್ಪು ಕೆಸರನ್ನು ಸಿರಿಂಜಿನಲ್ಲಿ ತೊಳೆದು ತೆಗೆಯಿರಿ, ನೀರು ಆರಿದಷ್ಟು ತುಂಬಿಸಿ. ಎಂ6 ಟ್ಯಾಪ್ ಸಡಿಲಾಗಲು ಹಲವು ಗಂಟೆ, ಕೆಲವೊಮ್ಮೆ ಒಂದಿಡೀ ದಿನ ಬೇಕು. ಕಾರ್ಬೈಡ್ ಟ್ಯಾಪ್ ಕರಗುವುದಿಲ್ಲ. ಕವರ್ ಉಕ್ಕಿನದ್ದಾಗಿದ್ದರೆ ಈ ಉಪಾಯವೇ ಇಲ್ಲ, ಸ್ಪಾರ್ಕ್ ಎರೋಷನ್ ಮೆಷಿನ್ ಇರುವ ಕಡೆ ಒಯ್ಯಬೇಕು. ಬೈಕಂಪಾಡಿಯಲ್ಲೋ ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶದಲ್ಲೋ ವಿಚಾರಿಸಿ.

ಟ್ಯಾಪ್ ಮುರಿದದ್ದಕ್ಕೆ ಕಾರಣ ನೀವೇ ಬರೆದಿದ್ದೀರಿ. ಎಂ6ರ ಒಳಹಲ್ಲಿನ ಸಣ್ಣ ವ್ಯಾಸ 4.92. 4.8 ತೂತಿನಲ್ಲಿ ಟ್ಯಾಪಿನ ಬುಡವೂ ಲೋಹ ಕಡಿಯಬೇಕಾಗುತ್ತದೆ, ಕಸ ಹೋಗಲು ಜಾಗವೇ ಇಲ್ಲ. ಎಂ6ಕ್ಕೆ 5.0, ಎಂ8ಕ್ಕೆ 6.8, ಎಂ10ಕ್ಕೆ 8.5, ಎಂ12ಕ್ಕೆ 10.2: ವ್ಯಾಸದಿಂದ ಪಿಚ್ ಕಳೆದರೆ ಬರುವ ಲೆಕ್ಕ, ಹತ್ತಿರದ ಬಿಟ್ಟಿಗೆ ಹೊಂದಿಸಿದ್ದು. ಸ್ಟೇನ್‌ಲೆಸ್ಸಿನಲ್ಲಿ 0.1 ಜಾಸ್ತಿ ಇದ್ದರೆ ಒಳ್ಳೆಯದೇ. ತಳ ಮುಚ್ಚಿದ ತೂತಾದರೆ ಥ್ರೆಡ್ ಬೇಕಾದ ಆಳಕ್ಕಿಂತ 5 ಜಾಸ್ತಿ ಕೊರೆದು, ಮೂರು ಟ್ಯಾಪುಗಳ ಸೆಟ್ಟನ್ನು ಸರದಿಯಲ್ಲೇ ಇಳಿಸಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಶುರುವಿನಲ್ಲಿ ಟ್ಯಾಪ್ ಓರೆಯಾಗುವುದೇ ಮುರಿಯಲು ಇನ್ನೊಂದು ದೊಡ್ಡ ಕಾರಣ. ಡ್ರಿಲ್ ಮೆಷಿನ್ನಿನ ಚಕ್ಕಿಗೆ ಟ್ಯಾಪ್ ಹಿಡಿಸಿ, ಪ್ಲಗ್ ಕಿತ್ತಿಟ್ಟು, ಚಕ್ಕನ್ನು ಕೈಯಲ್ಲಿ ತಿರುಗಿಸಿ ಮೊದಲ ಮೂರು ಹಲ್ಲು ಹಿಡಿಸಿದರೆ ನೆಟ್ಟಗೆ ಹೋಗುತ್ತದೆ. ಟ್ಯಾಪ್ ಬಂದ ಮೇಲೆ ತೂತು ಹಾಳಾಗಿದ್ದರೆ 6.3 ಡ್ರಿಲ್ ಹಾಕಿ ಹೆಲಿಕಾಯಿಲ್ (ತಂತಿ ಸುರುಳಿಯ ಹೊಸ ಥ್ರೆಡ್) ಕೂರಿಸಿ. ಅಲ್ಯುಮಿನಿಯಂನಲ್ಲಿ ಅದು ಮೊದಲಿನ ಥ್ರೆಡ್ಡಿಗಿಂತ ಗಟ್ಟಿ.

ಮಳೆಗಾಲದಲ್ಲಿ ಟ್ಯಾಪ್, ಡೈಗಳಿಗೆ ಎಷ್ಟು ಎಣ್ಣೆ ಹಚ್ಚಿದರೂ ತುಕ್ಕು. ಸಮುದ್ರಕ್ಕೆ ಎರಡು ಕಿಲೋಮೀಟರ್ ದೂರ. ಏನು ಮಾಡುವುದು?
ಓದುಗರು, ಸುರತ್ಕಲ್

ಶೆಡ್ಡಿನಲ್ಲಿ ಬಾತ್‌ರೂಮ್ ತೊಳೆಯುವ ಆಸಿಡ್ ಬಾಟಲಿ ಇದೆಯೇ, ಮೊದಲು ಅದನ್ನು ನೋಡಿ. ಮುಚ್ಚಳ ಗಟ್ಟಿಯಿದ್ದರೂ ಅದರ ಹಬೆ ಹೊರಬರುತ್ತದೆ. ಕಡಲ ಗಾಳಿ ತಿಂಗಳಲ್ಲಿ ಮಾಡುವ ಕೆಲಸವನ್ನು ಅದು ಎರಡು ದಿನದಲ್ಲಿ ಮಾಡುತ್ತದೆ. ಬ್ಯಾಟರಿ ಚಾರ್ಜ್ ಮಾಡುವುದೂ ಬೇರೆ ಕಡೆ ಇರಲಿ.

ಟ್ಯಾಪ್ ಬಂದ ರಟ್ಟಿನ ಪೆಟ್ಟಿಗೆ ತೇವ ಹೀರಿ ಹಿಡಿದಿಡುತ್ತದೆ, ಬಿಸಾಡಿ. ಕೈ ಬೆವರಿನ ಉಪ್ಪು ಉಳಿದ ಮೇಲೆ ಎಣ್ಣೆ ಹಚ್ಚಿದರೆ ತುಕ್ಕು ಎಣ್ಣೆಯ ಕೆಳಗೇ ಹಿಡಿಯುತ್ತದೆ. ಮೊದಲು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ, ವಿಸಿಐ ಕಾಗದದಲ್ಲಿ (ತುಕ್ಕು ತಡೆಯುವ ಕಾಗದ) ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಹರಳಿನ ಜೊತೆ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ಸಿಲಿಕಾ ಜೆಲ್ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ ಮತ್ತೆ ಹಾಕಬಹುದು. ಕಬ್ಬಿಣದ ಕಪಾಟಿದ್ದರೆ ತಳದಲ್ಲಿ 40 ವಾಟಿನ ಹಳೆ ಮಾದರಿಯ ಬಲ್ಬ್ ಉರಿಸಿ. ಎಲ್‌ಇಡಿ ಬಿಸಿಯಾಗುವುದಿಲ್ಲ, ಪ್ರಯೋಜನವಿಲ್ಲ. ಲೇತಿನ ಬೆಡ್ಡಿಗೆ 68 ಗ್ರೇಡಿನ ಸ್ಲೈಡ್‌ವೇ ಎಣ್ಣೆ ಹಾಕಿ, ಪ್ಲಾಸ್ಟಿಕ್ ಶೀಟು ಹೊದಿಸಬೇಡಿ, ಒಳಗೆ ನೀರು ಬೆವರುತ್ತದೆ. ಹತ್ತಿಯ ಹಳೆ ಬೆಡ್‌ಶೀಟನ್ನು ಎಣ್ಣೆಯಲ್ಲಿ ಸ್ವಲ್ಪ ಅದ್ದಿ ಹೊದಿಸಿ. ಜುಲೈಯಲ್ಲಿ ಮಳೆ ನಿಂತು ಹಠಾತ್ ಬಿಸಿಲು ಬಂದ ಬೆಳಿಗ್ಗೆ ತಣ್ಣಗಿರುವ ಬೆಡ್ಡಿನ ಮೇಲೆ ತೇವ ಕೂರುತ್ತದೆ. ಅಂಥ ದಿನ ಶೆಡ್ಡಿನ ಬಾಗಿಲು ತೆರೆಯುವುದನ್ನು ಮಧ್ಯಾಹ್ನಕ್ಕೆ ಮುಂದೂಡಿ.